ಕೋವಿಯ ಬಫರು ಎಷ್ಟು ಭಾರವಿರಬೇಕು

ಆಗಸ್ಟ್ 29, 1999, ಭಾನುವಾರ
ಕ್ಯಾಂಪ್‌ಬೆಲ್

ಬರೆಯಲು ಕೂತದ್ದಕ್ಕೇ ಕ್ಷಮೆಯಿರಲಿ. ಯಾರನ್ನು ಕೇಳಿಕೊಳ್ಳುತ್ತಿದ್ದೇನೋ ಗೊತ್ತಿಲ್ಲ. ಹಾಸನದ ಹಾಸ್ಟೆಲಿನಲ್ಲಿ ವಾರ್ಡನ್ ಟೀಚರ್ ನಮ್ಮ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ಓದುತ್ತಿದ್ದರು. ಹಾಗಾಗಿ ನನಗೆಂದು ನಾನು ಒಂದು ಸಾಲನ್ನೂ ಬರೆದವಳಲ್ಲ. ಈಗಲೂ ಹಿಂದೆ ಯಾರೋ ನಿಂತಿದ್ದಾರೆ ಎನ್ನುವಂತೆ ಅಕ್ಷರ ದುಂಡಗೆ ಬರುತ್ತಿದೆ. ಈ ಮನೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರು, ಅಮ್ಮ ಮತ್ತು ಅವಳ ಈಗಿನ ಗಂಡ ಜಯರಾಜ್ ಅಂಕಲ್. ಇಬ್ಬರಿಗೂ ಪುರುಸೊತ್ತಿಲ್ಲ.

ಅಮ್ಮ ನನ್ನನ್ನು ಹಾಸ್ಟೆಲಿಗೆ ಸೇರಿಸಿ ನರ್ಸ್ ಕೆಲಸಕ್ಕೆಂದು ಈ ಪರದೇಶಕ್ಕೆ ಬಂದಾಗ ನಾನು ಎರಡನೇ ಕ್ಲಾಸು. ಅಪ್ಪ ಇಂಗ್ಲೆಂಡಿನವನು. ಮಂಗಳೂರಿನ ಬಂದರಿನಲ್ಲಿ ಕ್ರೇನ್ ಜೋಡಿಸಲು ಬಂದವನು, ಜೋಡಿಸಿ ಹೋದ. ಅವನಿಂದ ನನಗೆ ಸಿಕ್ಕಿದ್ದು ಒಂದು ಸರ್‌ನೇಮು ಮತ್ತು ಈ ಬೆಕ್ಕಿನ ಕಣ್ಣು. ಕಾಲೇಜಿನಲ್ಲಿ ನನ್ನ ಮುಖ ನೋಡಿದವರೆಲ್ಲ ದಡದಡನೆ ಇಂಗ್ಲಿಷ್ ಸುರಿಯುತ್ತಾರೆ. ನಾನು ಬಾಯಿ ಬಿಟ್ಟರೆ ಹಾಸನದ ಕನ್ನಡ ಮೀಡಿಯಂ ಹೊರಬೀಳುತ್ತದೆ. ಅಂಕಲ್ ಅವರ ಮೊದಲ ಹೆಂಡತಿಯ ಮಗ ಅಕ್ಷಯ್, ಹದಿನೇಳು ವರ್ಷದವನು, ಈ ತಿಂಗಳು ಕಾಲೇಜಿಗೆಂದು ನಾನು ಬಂದ ದಿನವೇ ಹೇಳಿದ: "ಯೂ ಲುಕ್ ಬ್ರಿಟಿಷ್. ಯೂ ಟಾಕ್ ಲೈಕ್ ಮೈ ಅಜ್ಜಿ."

ನಿನ್ನೆ ಅಂಕಲ್ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದರು. "ಡಿಸೆಂಬರ್ ತನಕ ನೋಡುವ ಜಯಂತಿ. ಎಲ್ಲರಿಗೂ ಸರಿಹೋದರೆ ಇಲ್ಲೇ ಇರ್ಲಿ. ಇಲ್ಲದಿದ್ದರೆ ಕಾಲೇಜಿನದ್ದೇ ಹಾಸ್ಟೆಲ್ ಉಂಟಲ್ಲ. ಅವಳಿಗೆ ಅದು ಅಭ್ಯಾಸ."

ಅಮ್ಮ "ಹೌದು ಹೌದು" ಎಂದಳು. ಎರಡು ಸಲ ಹೇಳಬೇಕಾಗಿರಲಿಲ್ಲ.

ನಾನು ಸರಿಹೋಗಬೇಕು. ಅಷ್ಟೇ ಕೆಲಸ. ಕೆಮಿಸ್ಟ್ರಿಯೆಲ್ಲ ಆಮೇಲೆ.

ಸೆಪ್ಟೆಂಬರ್ 12, ಭಾನುವಾರ

ಅಂಕಲ್ ಭಾನುವಾರಗಳಲ್ಲಿ ಗುಡ್ಡದ ಮೇಲಿನ ರೇಂಜಿಗೆ ರೈಫಲ್ ಶೂಟಿಂಗಿಗೆ ಹೋಗುತ್ತಾರೆ. ಅಕ್ಷಯ್‌ಗೆಂದೇ ಒಂದು ಸೆಮಿ ಆಟೋಮ್ಯಾಟಿಕ್ ರೈಫಲು ಕೊಂಡಿದ್ದಾರೆ, ಒಂದು ಗುಂಡು ಹಾರಿದೊಡನೆ ಮುಂದಿನದು ತಾನಾಗಿ ಒಳಗೆ ಬರುವಂಥದು. ಅವನಿಗೆ ಅದರ ಮೇಲೆ ಎರಡು ವಾರ ಆಸೆಯಿತ್ತಂತೆ, ಆಮೇಲೆ ಕಂಪ್ಯೂಟರ್ ಗೇಮು. ಇವತ್ತು ಅವನು ಏಳಲಿಲ್ಲ. ಕಾರಿನಲ್ಲಿ ಒಬ್ಬರೇ ಹೋಗಲು ಬೇಸರವಾಗಿ ಅಂಕಲ್ ನನ್ನನ್ನು ಕರೆದರು.

ಹೈಸ್ಕೂಲಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ, ಕ್ಯಾಂಪಿನಲ್ಲಿ ಗೋಣಿತಟ್ಟಿನ ಮೇಲೆ ಮಲಗಿ ಚಿಕ್ಕ ರೈಫಲಿನಲ್ಲಿ ಗುಂಡು ಹೊಡೆದಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ. ಇವತ್ತು ಮಲಗಿದೆ, ಉಸಿರು ಅರ್ಧ ಬಿಟ್ಟೆ, ಹೊಡೆದೆ. ಅಂಕಲ್ ದುರ್ಬೀನಿನಲ್ಲಿ ನೋಡಿದರು. ಮತ್ತೆ ನೋಡಿದರು. ಆಮೇಲೆ ಪಕ್ಕದ ಬೆಂಚಿನವರನ್ನು ಕೂಗಿ ಕರೆದರು.

"ಯೋಗಾನಂದ, ಇಲ್ಲಿ ಬಾ ಮಾರಾಯ! ನಮ್ಮ ಹುಡುಗಿಯ ಟಾರ್ಗೆಟ್ ನೋಡು!"

ನಮ್ಮ ಹುಡುಗಿ. ಹಾಗೆಂದರು. ವಾಪಸು ಬರುವಾಗ ಫ್ರೀವೇಯಲ್ಲಿ ಅದನ್ನು ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡೆನೆಂದರೆ ಅವರು ಕೇಳಿದ ಪ್ರಶ್ನೆಯೊಂದು ಕೇಳಿಸಲೇ ಇಲ್ಲ. ಕ್ಷಮಿಸಿ ಅಂಕಲ್ ಎಂದೆ. ನಾನು ದಿನಕ್ಕೆ ಎಷ್ಟು ಸಲ ಕ್ಷಮಿಸಿ ಎನ್ನುತ್ತೇನೋ.

ಅಕ್ಟೋಬರ್ 3, ಭಾನುವಾರ

ಯೋಗಾನಂದ ಅಂಕಲ್ ಮಂಡ್ಯದವರು, ಕ್ಲಬ್ಬಿನ ನಮ್ಮ ಟೀಮಿಗೆ ಕ್ಯಾಪ್ಟನ್. ಸ್ಟಾರ್ಟಪ್ ಇಟ್ಟಿದ್ದಾರೆ, ಅದು ಏನು ಮಾಡುತ್ತದೆಂದು ಅವರಿಗೂ ಸರಿಯಾಗಿ ತಿಳಿದಿಲ್ಲವಂತೆ. ನವೆಂಬರಿನ ಮ್ಯಾಚಿಗೆ ಟೀಮಿನಲ್ಲಿ ಇಪ್ಪತ್ತು ವರ್ಷದೊಳಗಿನವರು ಒಬ್ಬರಿರಬೇಕು. ಆ ಜಾಗ ನನಗೆ ಎಂದು ಅವರೇ ಹೇಳಿದರು.

ರೈಫಲಿನ ಒದೆತಕ್ಕೆ ನನ್ನ ಭುಜ ಕೆಂಪಾಗಿತ್ತು. ಅದಕ್ಕೆ ಇವತ್ತು ಬಫರಿನ ವಿಚಾರ ಬಂತು. ರೈಫಲಿನ ಹಿಂಭಾಗದ ಕೊಳವೆಯಲ್ಲಿ ಒಂದು ಸ್ಪ್ರಿಂಗು, ಅದರ ಮುಂದೆ ಹೆಬ್ಬೆರಳು ಗಾತ್ರದ ಒಂದು ಲೋಹದ ತುಂಡು. ಅದೇ ಬಫರು. ನನಗೆ ಅರ್ಥವಾಗಲಿಲ್ಲವೆಂದು ಮುಖದಲ್ಲೇ ಗೊತ್ತಾಗಿರಬೇಕು.

"ನೋಡವ್ವ," ಎಂದರು ಯೋಗಾನಂದ ಅಂಕಲ್. "ಗುಂಡು ಹಾರ್ದಾಗ ಒಳಗಿನ ಬೋಲ್ಟು ಬಾಗ್ಲು ಒದ್ದಂಗೆ ಹಿಂದಕ್ ಬತ್ತದೆ. ಬಾಗ್ಲ ಹಿಂದೆ ಒಂದ್ ಗೋಣಿಚೀಲ ಮಡಗಿದೀವಿ ಅಂದ್ಕೊ. ಚೀಲ ಹಗುರಾದ್ರೆ ಬಾಗ್ಲು ಹೋಗಿ ಗೋಡೆಗೆ ಬಡೀತದೆ, ಅಂದ್ರೆ ನಿನ್ ಭುಜಕ್ಕೆ. ಚೀಲ ಭಾರಾದ್ರೆ ಬಾಗ್ಲು ಪೂರ್ತಿ ತೆರ್ಯಕಿಲ್ಲ. ತೆರೀದಿದ್ರೆ ಮುಂದಿನ ಗುಂಡು ಒಳಕ್ ಬರಕಿಲ್ಲ. ಅಷ್ಟೇಯ."

"ಭಾರದ್ದೇ ಹಾಕುವ," ಎಂದರು ಜಯರಾಜ್ ಅಂಕಲ್. "ಅವಳಿಗೆ ನೋವಾಗ್ಬಾರ್ದು."

ಅವರ ಪೆಟ್ಟಿಗೆಯಲ್ಲಿ ಮೂರು ಬಫರುಗಳಿವೆ. ಎಲ್ಲಕ್ಕಿಂತ ಭಾರದ್ದನ್ನು ಹಾಕಿದರು. ಒದೆತ ಯಾರೋ ಭುಜ ತಟ್ಟಿದಷ್ಟು ಮೆದುವಾಯಿತು. ಒಂದು ಗುಂಡೂ ಸಿಕ್ಕಿಕೊಳ್ಳಲಿಲ್ಲ. ಬರುವಾಗ ಕಾರಿನಲ್ಲಿ ಅವರು ರಸ್ತೆ ನೋಡುತ್ತಲೇ ಹೇಳಿದರು: "ಅಂಕಲ್ ಅಂಕಲ್ ಅಂತ ಎಂತದು. ಪಪ್ಪ ಅಂತ ಕರಿ ಬೇಕಾದ್ರೆ."

ಬೇಕಾದ್ರೆ!

ಅಕ್ಟೋಬರ್ 17, ಭಾನುವಾರ

ಆಯುಧಪೂಜೆ ನಾಳೆ. ನಾಳೆ ಎಲ್ಲರಿಗೂ ಆಫೀಸು ಎಂದು ಇವತ್ತೇ ಮಾಡಿದೆವು. ಗರಾಜಿನಲ್ಲಿ ಮೇಜು ಹಾಕಿ ಮಿಕ್ಸಿ, ಗ್ರೈಂಡರು, ಹೊಲಿಗೆ ಯಂತ್ರ, ಅಕ್ಷಯನ ಕಂಪ್ಯೂಟರು, ಅಮ್ಮನ ಸ್ಟೆತೊಸ್ಕೋಪು ಎಲ್ಲ ಇಟ್ಟೆವು. ಪಪ್ಪ ರೈಫಲನ್ನು ಬಿಚ್ಚಿ ಎರಡು ಭಾಗ ಮಾಡಿ ನಡುವೆ ಇಟ್ಟರು. ಕುಂಕುಮ ಬೊಟ್ಟಿನಷ್ಟೇ ಸಾಕು, ಬೇರೇನೂ ಮುಟ್ಟಿಸಬೇಡ ಎಂದು ಅಮ್ಮನಿಗೆ ಹೇಳಿ ನಿಂಬೆಹಣ್ಣು ತರಲು ಅಂಗಡಿಗೆ ಹೋದರು.

ಅಮ್ಮನಿಗೆ ಉಡುಪಿಯ ತನ್ನ ಮನೆ ನೆನಪಾಗಿತ್ತು. ಕತ್ತಿ, ಹಾರೆ, ರಾಟೆ, ಏನೇ ಕಬ್ಬಿಣವಿದ್ದರೂ ಆ ದಿನ ಎಣ್ಣೆ ಕಾಣಿಸಬೇಕಂತೆ. ಹೊಲಿಗೆ ಯಂತ್ರಕ್ಕೆ ಬಿಟ್ಟಳು, ಗರಾಜ್ ಬಾಗಿಲಿನ ಕೀಲಿಗೆ ಬಿಟ್ಟಳು. ತುಂಡು ತುಂಡಾಗಿ ಏನೋ ಹಾಡಿಕೊಳ್ಳುತ್ತಿದ್ದಳು. ಅವಳು ಹಾಡುವುದನ್ನು ನಾನು ಮೊದಲ ಸಲ ಕೇಳಿದ್ದು. ಅದನ್ನೇ ಕೇಳುತ್ತ ಹೂವು ಬಿಡಿಸುತ್ತ ಕೂತಿದ್ದೆ.

ಒಳ್ಳೆಯ ದಿನ. ಇನ್ನೇನೂ ಬರೆಯುವುದಿಲ್ಲ.

ಅಕ್ಟೋಬರ್ 24, ಭಾನುವಾರ

ಇವತ್ತು ರೈಫಲ್ಲು ಕೈಕೊಟ್ಟಿತು. ಬೆಳಗಿನ ಮಂಜು, ಕೈ ಮರಗಟ್ಟುವ ಚಳಿ. ಹಾಸ್ಟೆಲಿನವಳಾದ್ದರಿಂದ ಎಲ್ಲರಿಗಿಂತ ಮೊದಲು ನಾನೇ ಎದ್ದು ತಯಾರಾಗುತ್ತೇನೆ, ರೇಂಜಿನಲ್ಲೂ ಮೊದಲ ಸರದಿ ನನ್ನದೇ. ಒಂದು ಗುಂಡು ಹೊಡೆದೆ. ಎರಡನೆಯದು ಒಳಗೆ ಬರಲೇ ಇಲ್ಲ. ಕೈಯಿಂದ ಎಳೆದು ಬಿಟ್ಟೆ. ಮತ್ತೆ ಅದೇ.

"ಭುಜ ಗಟ್ಟಿ ಇಟ್ಕೊಂಡಿಲ್ಲ ನೀನು," ಎಂದರು ಪಪ್ಪ. "ಹಿಂದೆ ಆಧಾರ ಇಲ್ಲದಿದ್ದರೆ ಬೋಲ್ಟ್ ಪೂರ್ತಿ ಬರೂದಿಲ್ಲ."

ಗಟ್ಟಿ ಇಟ್ಟುಕೊಂಡೆ. ಅದೇ. ಹನ್ನೊಂದೂವರೆಗೆ ಅಕ್ಷಯ್ ಕಣ್ಣುಜ್ಜಿಕೊಳ್ಳುತ್ತ ಯೋಗಾನಂದ ಅಂಕಲ್ ಕಾರಿನಲ್ಲಿ ಬಂದ. ಟೀಮು, ಮ್ಯಾಚು ಎಂದು ಕೇಳಿ ಅವನಿಗೂ ಪುನಃ ಆಸೆ ಹುಟ್ಟಿದೆ. ಮಂಜು ಕರಗಿ ಬಿಸಿಲು ಚುರುಗುಟ್ಟುತ್ತಿತ್ತು. ಅವನ ಕೈಯಲ್ಲಿ ಅದೇ ರೈಫಲ್ಲು ಹೊಲಿಗೆ ಯಂತ್ರದಂತೆ ಓಡಿತು.

ಪಪ್ಪ ನನ್ನ ಭುಜದ ಕಡೆ ಒಮ್ಮೆ ನೋಡಿ ರೈಫಲನ್ನು ಪೆಟ್ಟಿಗೆಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 31, ಭಾನುವಾರ

ವಾರದಲ್ಲಿ ಪಪ್ಪ ಗರಾಜಿನಲ್ಲಿ, ಬಿಸಿನೀರಿನ ಹಂಡೆಯ ಪಕ್ಕ ಕೂತು ಭಾರದ ಬಫರು ತೆಗೆದು ನಡುವಿನದನ್ನು ಹಾಕಿದ್ದರು. ಸ್ಪ್ರಿಂಗು ಫಳಫಳ ಹೊಳೆಯುತ್ತಿದೆ, ಎಣ್ಣೆ ಬೇಕಾದಷ್ಟಿದೆ, ಹಾಗಾಗಿ ದೋಷ ತೂಕದ್ದೇ ಎಂದರು.

ಬೆಳಗ್ಗೆ ನನಗೆ ಮತ್ತೆ ಸಿಕ್ಕಿಕೊಂಡಿತು. ಮಧ್ಯಾಹ್ನ ಅಕ್ಷಯ್‌ಗೆ ಇಲ್ಲ.

ರೇಂಜಿನಲ್ಲಿ ಇಬ್ಬರು ಅಂಕಲ್‌ಗಳೂ ನನ್ನ ತಲೆಯ ಮೇಲೆ ವಾದ ಮಾಡಿದರು.

"ತೂಕ ಇಳಿಸ್ಬ್ಯಾಡ ಕಣಯ್ಯ. ಮೊದ್ಲು ಓಡ್ತಿರ್ಲಿಲ್ವ ಇದು?" ಎಂದರು ಯೋಗಾನಂದ ಅಂಕಲ್.

"ಅಕ್ಷಯ್‌ಗೆ ಓಡ್ತದಲ್ಲ. ಹುಡುಗಿ ಸಣ್ಣ, ಭುಜದಲ್ಲಿ ತಾಕತ್ತಿಲ್ಲ. ಇವಳಿಗಾದ್ರೆ ಇನ್ನೂ ಹಗುರದ್ದೇ ಬೇಕು."

"ಹಗುರ ಮಾಡಿದ್ರೆ ಒದೀತದೆ. ತಾಕತ್ತಿಲ್ದ ಭುಜಕ್ಕೆ ಒದೆ ಕೊಡ್ಸದಾ? ಒಳ್ಳೆ ನ್ಯಾಯ ನಿಂದು."

ಪಪ್ಪ ನಗಲಿಲ್ಲ. ಜನವರಿಯಿಂದ ಕಾನೂನು ಬದಲಾಗುತ್ತದೆ, ಇಂಥ ರೈಫಲನ್ನು ಹೊಸದಾಗಿ ಕೊಳ್ಳುವ ಹಾಗಿಲ್ಲ, ಇದನ್ನೇ ಸರಿಮಾಡಿಕೊಳ್ಳಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ "ಊಟ ಮಾಡ್ತೀಯಾ ಸರಿಯಾಗಿ?" ಎಂದು ಕೇಳಿದರು. ಅದು ಪ್ರೀತಿಯ ಪ್ರಶ್ನೆಯಾಗಿರಲಿಲ್ಲ.

ನವೆಂಬರ್ 3, ಬುಧವಾರ

ಕೆಮಿಸ್ಟ್ರಿಯಲ್ಲಿ ಸಿ ಗ್ರೇಡು. ಯಾರೂ ಕೇಳಲಿಲ್ಲ.

ನವೆಂಬರ್ 7, ಭಾನುವಾರ

ದೀಪಾವಳಿ. ಬೆಳಗ್ಗೆ ಎಣ್ಣೆಸ್ನಾನ. ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿ ಕೂತಿತ್ತು. ಅಮ್ಮ ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ನನ್ನ ನೆತ್ತಿಗೆ ತಟ್ಟಿದಳು. "ಎಷ್ಟು ಒಣಗಿದೆ ಮಂಡೆ! ಹಾಸ್ಟೆಲಿನಲ್ಲಿ ಯಾರೂ ಹಚ್ತಿರ್ಲಿಲ್ವಾ ಮಗಳೇ?" ಎಂದಳು. ನಾವೇ ಒಬ್ಬರಿಗೊಬ್ಬರು ಹಚ್ಚಿಕೊಳ್ಳುತ್ತಿದ್ದೆವು ಎಂದೆ. ಅವಳ ಬೆರಳು ಇನ್ನಷ್ಟು ಜೋರಾಗಿ ತಿಕ್ಕಿತು.

ಹಬ್ಬದ ದಿನವೂ ರೇಂಜು. ಎಲ್ಲಕ್ಕಿಂತ ಹಗುರದ ಬಫರು. ಮೊದಲ ನಾಲ್ಕೈದು ಗುಂಡು ಸಿಕ್ಕಿಕೊಂಡವು. ಆಮೇಲೆ ಓಡಿತು, ಆದರೆ ಒಂದೊಂದು ಸಲವೂ ಬೀಸಿ ಒದ್ದಂತೆ. ಒದೆ ಬೀಳುತ್ತದೆಂದು ಗೊತ್ತಿದ್ದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಗುಂಡುಗಳು ಟಾರ್ಗೆಟ್ಟಿನ ಅಂಚಿಗೆ, ಹೊರಕ್ಕೆ, ಮಣ್ಣಿಗೆ. ಭುಜದ ಮೇಲೆ ನೇರಳೆ ಬಣ್ಣದ ಗುರುತು.

ಕಾರಿನಲ್ಲಿ ಪಪ್ಪ ಹೇಳಿದರು. "ಈ ಸಲ ಮ್ಯಾಚಿಗೆ ಅಕ್ಷಯ್ ಹೋಗ್ಲಿ. ನಿನಗೆ ಕಾಲೇಜಿನ ಓದೂ ಉಂಟಲ್ಲ. ಹಾಸ್ಟೆಲಿನಲ್ಲಿ ಲೈಬ್ರರಿ ಹತ್ತಿರ ಆಗ್ತದೆ ಅಂತ ಜಯಂತಿ ಹತ್ರ ಹೇಳ್ತಿದ್ದೆ."

ಆಯ್ತು ಅಂಕಲ್ ಎಂದೆ. ಅವರು ತಿದ್ದಲಿಲ್ಲ.

ನವೆಂಬರ್ 14, ಭಾನುವಾರ

ಸಾಮಾನು ಹೊರಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಕ್ಷಯ್ ಕಾರಿನಲ್ಲೇ ನಿದ್ದೆ. ನೋಡು, ನಾಲ್ಕು ಗುಂಡು ಹೊಡಿ ಎಂದು ನನಗೆ ಕೊಟ್ಟು ಅಂಕಲ್, ಮ್ಯಾಚಿಗೆ ಅಕ್ಷಯ್ ಹೆಸರು ಬರೆಸಲು ಆಫೀಸಿಗೆ ಹೋದರು. ಒಂದು ಹೊಡೆದೆ. ಸಿಕ್ಕಿಕೊಂಡಿತು.

ಅವರು ಮಾಡುವುದನ್ನು ನೋಡಿ ನೋಡಿ ನನಗೂ ಬಂದಿದೆ. ರೈಫಲು ಖಾಲಿ ಮಾಡಿ, ಎರಡು ಭಾಗ ಸೇರಿಸುವ ಮೊಳೆ ತಳ್ಳಿ, ಮಡಚಿ ತೆರೆದು, ಕೊಳವೆಯ ಬಾಯಲ್ಲಿನ ಗುಂಡಿ ಒತ್ತಿದೆ. ಬಫರು ತಾನಾಗಿ ಹಾರಿ ಬರಬೇಕು. ಬರಲಿಲ್ಲ. ಬೆರಳು ಹಾಕಿ ಎಳೆದೆ. ಸ್ಪ್ರಿಂಗಿನ ಸುತ್ತಲೂ ಬೆಳ್ಳಗೆ, ಚಳಿಗಾಲದ ತುಪ್ಪದ ಹಾಗೆ ಏನೋ ಹೆಪ್ಪುಗಟ್ಟಿತ್ತು. ಮೂಗಿನ ಹತ್ತಿರ ತಂದೆ.

ತೆಂಗಿನೆಣ್ಣೆ.

ತಪ್ಪಾಗಲು ಸಾಧ್ಯವೇ ಇಲ್ಲ. ಹಾಸ್ಟೆಲಿನ ನಲವತ್ತು ತಲೆಗಳ, ನಲವತ್ತು ದಿಂಬುಗಳ ವಾಸನೆ. ಹಿಮ ಬೀಳದ ಊರಿನಲ್ಲೂ ಬೆಳಗ್ಗೆ ಅದು ಕಲ್ಲು, ಮಧ್ಯಾಹ್ನ ನೀರು. ಬೆಳಗ್ಗೆ ನಾನು, ಮಧ್ಯಾಹ್ನ ಅಕ್ಷಯ್. ಅಂಗೈಗೆ ಸವರಿದರೆ ಕರಗಿಯೇ ಹೋಯಿತು.

ಆಯುಧಪೂಜೆ. ಅಮ್ಮ.

ಅಂಕಲ್ ಬಂದರು. "ಇದರೊಳಗೆ ಬೆಳ್ಳಗೆ ಏನೋ..." ಎನ್ನುವಷ್ಟರಲ್ಲಿ ಕಿತ್ತುಕೊಂಡರು. "ಯಾಕೆ ಬಿಚ್ಚಿದ್ದು ನೀನು? ಗ್ರೀಸ್ ಅದು, ಇರ್ಬೇಕು ಅಲ್ಲಿ. ಇನ್ನು ಇದನ್ನ ಮುಟ್ಬೇಡ, ತಿಳೀತಾ?" ನೋಡದೆಯೇ ಒಳಗೆ ತಳ್ಳಿ ಮುಚ್ಚಿದರು.

ಅದು ಅಮ್ಮನ ಕೆಲಸವೆಂದು ಹೇಳಲು ಅವರ ಮುಂದೆ ಬಾಯಿ ಬರಲಿಲ್ಲ. ಮೊದಲು ಅಮ್ಮನಿಗೆ ಹೇಳುತ್ತೇನೆ. ಅವಳೇ ಹೇಳಿದರೆ ನಗುತ್ತ ಮುಗಿದುಹೋಗುತ್ತದೆ. ತಪ್ಪು ನನ್ನ ಭುಜದ್ದಲ್ಲವೆಂದು ಗೊತ್ತಾಗುತ್ತದೆ. ನನಗೆ ಜಾಗ ಸಿಗುತ್ತದೆ, ರೇಂಜಿನಲ್ಲೂ ಮನೆಯಲ್ಲೂ.

ನವೆಂಬರ್ 15, ಸೋಮವಾರ

ಅಮ್ಮ ಡ್ಯೂಟಿಯಿಂದ ಬಂದು ಚಾ ಮಾಡುತ್ತಿದ್ದಳು. ಹೇಳಿದೆ. ಮೊದಲು ನಕ್ಕಳು. "ಅಯ್ಯೋ ದೇವರೇ, ಒಂದ್ನಾಲ್ಕು ಚಮಚ ಬಿಟ್ಟಿದ್ದೆ ಮಾರಾಯ್ತಿ, ಆ ಕೊಳವೆ ಒಣಗಿದ ಹಾಗೆ ಕಂಡಿತು!" ಆಮೇಲೆ ನಗು ನಿಂತಿತು. ಗರಾಜಿನ ಬಾಗಿಲು ಹಾಕಿದೆಯಾ ಎಂದು ನೋಡಿಬಂದಳು.

"ಅವರಿಗೆ ಹೇಳ್ಬೇಡ."

"ಯಾಕೆ?"

"ಮುಟ್ಬೇಡ ಅಂತ ಹೇಳಿ ಹೋಗಿದ್ರು. ಗೊತ್ತಾದ್ರೆ ಒಂದು ವಾರ ಮಾತಾಡೂದಿಲ್ಲ. ನಿಂಗೆ ಗೊತ್ತಿಲ್ಲ ಅವರ ಮಂಡೆಬಿಸಿ."

"ನಾನೇ ಸರಿಯಿಲ್ಲ ಅಂತ ತಿಳ್ಕೊಂಡಿದ್ದಾರಲ್ಲಮ್ಮ."

"ತಿಳ್ಕೊಳ್ಳಲಿ ಬಿಡು. ನಿನಗೆಂತ ಆಗೂದುಂಟು? ನೀನು ಗಟ್ಟಿ. ಎಲ್ಲಿ ಬಿಟ್ಟರೂ ಬದುಕ್ತಿ. ಅಕ್ಷಯ್ ಹೋಗ್ಲಿ ಮ್ಯಾಚಿಗೆ. ಪಾಪ, ತಾಯಿ ಇಲ್ಲದ ಹುಡುಗ."

ಚಾ ಸೋಸಿ ನನಗೆ ಕೊಟ್ಟಳು. ಸಕ್ಕರೆ ಹೆಚ್ಚಾಗಿತ್ತು. ಕುಡಿದೆ. ನನ್ನನ್ನು ಗಟ್ಟಿ ಎಂದವಳು ಅವಳೊಬ್ಬಳೇ, ಅವಳ ಗಂಡನೋ ತಾಕತ್ತಿಲ್ಲ ಎನ್ನುತ್ತಾನೆ. ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದರೆ ನನಗೂ ಅನುಕೂಲ.

ನವೆಂಬರ್ 20, ಶನಿವಾರ

ನಾಳೆ ಮ್ಯಾಚು. ಸಂಜೆ ಗರಾಜಿನಲ್ಲಿ ಒಬ್ಬಳೇ ಇದ್ದೆ. ರೈಫಲಿನ ಪೆಟ್ಟಿಗೆ ತೆರೆದೇ ಇತ್ತು. ನನ್ನ ಕೈಯಲ್ಲಿ ಬಟ್ಟೆಯೂ ಇತ್ತು. ಕೊಳವೆ ಒರೆಸಲು ಎರಡು ನಿಮಿಷ ಸಾಕು. ಆ ಬಟ್ಟೆಯಲ್ಲಿ ನನ್ನ ಸೈಕಲ್ ಒರೆಸಿ ಒಳಗೆ ಬಂದೆ.

ಮುಟ್ಟಬೇಡ ಎಂದು ಅವರೇ ಹೇಳಿದ್ದಾರಲ್ಲ.

ನವೆಂಬರ್ 21, ಭಾನುವಾರ

ಚಳಿ ಚೆನ್ನಾಗಿತ್ತು.

ಇಪ್ಪತ್ತರೊಳಗಿನವರ ಸರದಿ ಎಲ್ಲರಿಗಿಂತ ಮೊದಲು, ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗಿರುವಾಗಲೇ. ಅಕ್ಷಯ್ ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು. ತಲೆ ಬಾಚಿಕೊಂಡಿದ್ದ. ಮಲಗಿ ಮೊದಲ ಗುಂಡು ಹೊಡೆದ, ನಡುವಿಗೇ ಬಿತ್ತು. ಎರಡನೆಯದು ಒಳಗೆ ಬರಲಿಲ್ಲ. ಎಳೆದ. ಮೂರನೆಯದೂ ಬರಲಿಲ್ಲ. ಮತ್ತೆ ಮತ್ತೆ ಎಳೆದ. ಗಡಿಯಾರ ಓಡುತ್ತಿತ್ತು. ಯೋಗಾನಂದ ಅಂಕಲ್ ಹಿಂದಿನಿಂದ "ನಿಧಾನ ಮಗ, ನಿಧಾನ" ಎನ್ನುತ್ತಿದ್ದರು. ಅರ್ಧ ಗುಂಡುಗಳು ಉಳಿದಿರುವಾಗಲೇ ಸಮಯ ಮುಗಿಯಿತು. ನಮ್ಮ ಟೀಮು ಅಲ್ಲಿಗೇ ಹೊರಗೆ.

ನಾನು ಅವನ ಅಪ್ಪನ ಬಾಯನ್ನೇ ನೋಡುತ್ತಿದ್ದೆ. ಭುಜ ಎನ್ನುತ್ತಾರೆ ಎಂದು ಕಾಯುತ್ತಿದ್ದೆ.

"ನಿನ್ನ ತಪ್ಪಲ್ಲ ಮಗಾ," ಎಂದರು. ತಲೆ ಸವರಿದರು. "ರೈಫಲೇ ಸರಿ ಇಲ್ಲ."

"ಬಫರು ಇಳ್ಸಬ್ಯಾಡ ಅಂದೆ, ಕೇಳ್ದಾ ನೀನು?" ಎಂದರು ಯೋಗಾನಂದ ಅಂಕಲ್.

"ಇನ್ನೂ ಹಗುರದ್ದು ಸಿಗ್ತದೆ. ತರಿಸ್ತೇನೆ."

ಕಾರಿನ ಹಿಂದಿನ ಸೀಟಿನಲ್ಲಿ ಅಕ್ಷಯ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಬಹಳ ದೂರ ಬಂದ ಮೇಲೆ, ಮುಂದಿನ ಸೀಟಿಗೆ ಕೇಳಿಸದಂತೆ ಕೇಳಿದ. ಕನ್ನಡದಲ್ಲಿ ಕೇಳಿದ, ತಡವರಿಸುತ್ತ.

"ನಿಂಗೆ... ಸೇಮ್ ಆಗ್ತಿತ್ತಾ? ಡೈಲಿ... ಹೀಗೇ?"

"ಇಲ್ಲಪ್ಪ," ಎಂದೆ. "ನನ್ನ ಭುಜ ಸರಿಯಿರಲಿಲ್ಲ. ಅದು ಬೇರೆ."

ಅವನು ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದ. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ.

ನವೆಂಬರ್ 25, ಗುರುವಾರ

ಥ್ಯಾಂಕ್ಸ್‌ಗಿವಿಂಗ್. ಇಲ್ಲಿನವರ ಹಬ್ಬಕ್ಕೆ ಅಮ್ಮ ಕೋಳಿ ಸಾರಿನ ಕೋರಿ ರೊಟ್ಟಿ ಮಾಡಿದ್ದಳು. ಅಕ್ಷಯ್ ಶೂಟಿಂಗ್ ಬಿಟ್ಟಿದ್ದಾನೆ, ತಟ್ಟೆ ಎತ್ತಿಕೊಂಡು ರೂಮಿಗೆ ಹೋದ.

ಜಯರಾಜ್ ಒಳ್ಳೆಯ ಮನಸ್ಸಿನಲ್ಲಿದ್ದರು. "ಸುರಕ್ಷಾ, ಜನವರಿಯಿಂದ ನೀನೇ ಬಾ ಪುನಃ. ಹೊಸ ಬಫರು ಬರ್ತದೆ. ಸ್ವಲ್ಪ ಭುಜ ಗಟ್ಟಿ ಮಾಡ್ಕೊ, ಅಷ್ಟೆ. ಮತ್ತೆ ಹಾಸ್ಟೆಲಿನ ಮಾತು ಬೇಡ, ಇಲ್ಲೇ ಇರು. ಏನು ಜಯಂತಿ?"

"ನಾನು ಆವಾಗ್ಲೇ ಹೇಳ್ಲಿಲ್ವಾ, ಎಲ್ಲ ಸರಿಹೋಗ್ತದೆ ಅಂತ," ಎಂದಳು ಅಮ್ಮ. ಅವಳು ಹಾಗೆ ಯಾವತ್ತೂ ಹೇಳಿರಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಅವರು ಟಿವಿ ಮುಂದೆ ಹೋದ ಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದಳು. "ಒರೆಸಿ ಇಡಬಹುದಿತ್ತಲ್ಲ ನೀನು. ಆ ಹುಡುಗನ ಮುಖ ನೋಡ್ಲಿಕ್ಕೆ ಆಗೂದಿಲ್ಲ ನಂಗೆ."

"ನನ್ನ ಮುಖ?"

"ಎಂತ?"

"ಏನಿಲ್ಲ. ಉಪ್ಪಿನಕಾಯಿ ಎಲ್ಲಿದೆ?"

ಆಗಸ್ಟಿನಲ್ಲಿ ನಾನು ಕೇಳಿಕೊಂಡಿದ್ದು ಇದನ್ನೇ, ಇವತ್ತು ಅದು ಸಿಕ್ಕಿದೆ. ಇಲ್ಲೇ ಇರು ಎಂದಿದ್ದಾರೆ. ಆಯ್ತು ಎಂದು ನಕ್ಕಿದ್ದೇನೆ. ರೈಫಲು ಗೋಡೆಯ ಕಪಾಟಿನಲ್ಲಿದೆ, ಎಣ್ಣೆ ಅದರೊಳಗಿದೆ. ಜನವರಿಯ ಬೆಳಗಿನಲ್ಲಿ ಮತ್ತೆ ಮಲಗುತ್ತೇನೆ, ಮತ್ತೆ ಸಿಕ್ಕಿಕೊಳ್ಳುತ್ತದೆ, ಮತ್ತೆ ತೂಕ ಇಳಿಸುತ್ತಾರೆ. ಅಮ್ಮ ಚಾ ಮಾಡುತ್ತಾಳೆ. ಇದನ್ನೆಲ್ಲ ಯೋಚಿಸುವಾಗ ಸಿಟ್ಟು ಬರಬೇಕು. ಬರುತ್ತಿಲ್ಲ. ನಿದ್ದೆ ಬರುತ್ತಿದೆ.

ನವೆಂಬರ್ 26, ಶುಕ್ರವಾರ

ಮನಸ್ಸಿನಲ್ಲಿರುವುದು ಮೊದಲು ಕನ್ನಡದಲ್ಲೇ ಬರುತ್ತದೆ, ಆದ್ದರಿಂದ ಇಲ್ಲಿ ಬರೆದು ನೋಡುತ್ತೇನೆ. ಸೋಮವಾರ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇಂಗ್ಲಿಷಿಗೆ ಮಾಡಿ ಇಮೇಲ್ ಕಳಿಸಿದರಾಯಿತು.

ವಿದ್ಯಾರ್ಥಿ ವಸತಿ ಆಫೀಸಿನವರಿಗೆ,

ನಾನು ಮೊದಲ ವರ್ಷದ ವಿದ್ಯಾರ್ಥಿನಿ. ಜನವರಿಯ ಸೆಮಿಸ್ಟರಿಗೆ ನನಗೊಂದು ಹಾಸಿಗೆ ಬೇಕಾಗಿದೆ. ಯಾವ ಕಟ್ಟಡವಾದರೂ ಸರಿ, ಒಂದು ರೂಮಿನಲ್ಲಿ ಎಷ್ಟು ಜನರಿದ್ದರೂ ಸರಿ. ಹಾಸ್ಟೆಲಿನಲ್ಲಿ ಇದ್ದು ಅಭ್ಯಾಸವಿದೆ. ಸದ್ಯ ಕ್ಯಾಂಪ್‌ಬೆಲ್ಲಿನಲ್ಲಿ ಪರಿಚಯದವರೊಬ್ಬರ ಮನೆಯಲ್ಲಿದ್ದೇನೆ. ಅಲ್ಲಿಗೆ ಫೋನ್ ಮಾಡಬೇಡಿ, ಇಮೇಲಿಗೇ ಬರೆಯಿರಿ. ಜಾಗ ಇದೆಯೋ ಇಲ್ಲವೋ, ಅಷ್ಟು ಹೇಳಿದರೆ ಸಾಕು. ದಯವಿಟ್ಟು ಬೇಗ ಉತ್ತರ ಕೊಡಿ.